ವಾಲಿಯ ಪರವಾಗಿ: ಡೊಂಬಿವಲಿಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮುಂಬೈ ಲೋಕಲ್ ರೈಲಿನಲ್ಲಿದ್ದೆ, ಕುರ್ಲಾ ಸ್ಟೇಷನ್ನಿನಲ್ಲಿ ಜನ ನುಗ್ಗುತ್ತಿದ್ದರು. "ಅಮೆರಿಕದವರು ಯಾರೋ ಮಾಡಿದ ಸೀರಿಯಲ್ ಬಗ್ಗೆ ಉದ್ದುದ್ದ ಬರೆಯುತ್ತೀಯಲ್ಲ ಮಾರಾಯ, ಅಷ್ಟೇ ಹೊತ್ತಿನಲ್ಲಿ ಒಂದು ಕಾದಂಬರಿ ಬಗ್ಗೆ ಬರೆಯಬಾರದಾ?" ಅಂತ ನೀನು ಅಂದೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನೀನು ಹಾಗೆ ಕೇಳದೆ ಇನ್ಯಾರು ಕೇಳುತ್ತಾರೆ? ಇವತ್ತು ಭಾನುವಾರ, ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್, ಎಲ್ಲಿಗೂ ಹೋಗುವ ಹಾಗಿಲ್ಲ. ಕೂತು ಬರೆಯುತ್ತಿದ್ದೇನೆ.

ಮೊದಲಿಗೆ, ನಾನು ಬರೆಯುವುದು ಪೇಪರಿನಲ್ಲಿ ಬರುವ ವಿಮರ್ಶೆಯ ಥರದ್ದಲ್ಲ. ಸ್ಟಾರ್ ಕೊಡುವುದಿಲ್ಲ. ನೋಡಿ ಅಂತಲೂ ಹೇಳುವುದಿಲ್ಲ, ಬಿಡಿ ಅಂತಲೂ ಹೇಳುವುದಿಲ್ಲ. ಓದುವವರೆಲ್ಲ ಆಗಲೇ ನೋಡಿ ಮುಗಿಸಿದವರು, ಕೆಲವರು ನನಗಿಂತ ಜಾಸ್ತಿ ಸಲ ನೋಡಿದವರು. ಅವರಿಗೆ ಕಥೆ ಹೇಳಿ ಪ್ರಯೋಜನ ಇಲ್ಲ. ಇಂಥ ಪಾತ್ರ ಇಂಥ ಹೊತ್ತಿನಲ್ಲಿ ಹಾಗೇಕೆ ಮಾಡಿತು, ಅದಕ್ಕೆ ಹಿಂದಿನ ಕಂತುಗಳಲ್ಲಿ ಏನು ಆಧಾರ ಇದೆ, ಇಷ್ಟೇ ಅವರಿಗೆ ಬೇಕಾದದ್ದು. ಅಭಿಮಾನಿಗಳ ಲೋಕದಲ್ಲಿ ಇಂಥ ಬರಹಕ್ಕೆ 'ಮೆಟಾ' ಅನ್ನುತ್ತಾರೆ. ಆಧಾರ ಇಲ್ಲದೆ ಒಂದು ಸಾಲು ಬರೆದರೂ ಹಿಡಿಯುತ್ತಾರೆ. ನನ್ನ ಆಫೀಸಿನ ಆಡಿಟ್ ಕೆಲಸದಲ್ಲೂ ಯಾರೂ ಅಷ್ಟು ಗಟ್ಟಿಯಾಗಿ ವೋಚರ್ ಕೇಳುವುದಿಲ್ಲ.

ಇದು ಟಿವಿಯ ಕಾಲಕ್ಕಿಂತ ಹಳೆಯ ಚಟ. 1911ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವವರು ಶೆರ್ಲಾಕ್ ಹೋಮ್ಸ್ ಕಥೆಗಳ ಮೇಲೆ ಒಂದು ಪ್ರಬಂಧ ಓದಿದರು. ಧರ್ಮಗ್ರಂಥವನ್ನು ಪಂಡಿತರು ಹೇಗೆ ಸಾಲು ಸಾಲು ಬಿಡಿಸುತ್ತಾರೋ ಹಾಗೆ ಪತ್ತೇದಾರಿ ಕಥೆಗಳನ್ನು ಬಿಡಿಸಿದರು. ಅರ್ಧ ತಮಾಷೆ, ಅರ್ಧ ನಿಜ. ಆ ಆಟ ಇನ್ನೂ ನಿಂತಿಲ್ಲ. ಡಾಕ್ಟರ್ ವಾಟ್ಸನ್‌ನ ಗಾಯದ ವಿಷಯವನ್ನೇ ತಗೋ. 1887ರಲ್ಲಿ ಬಂದ ಮೊದಲ ಕಥೆಯಲ್ಲಿ ಅವನಿಗೆ ಯುದ್ಧದಲ್ಲಿ ಗುಂಡು ತಾಗಿದ್ದು ಭುಜಕ್ಕೆ. 1890ರ ಕಥೆಯಲ್ಲಿ ಅದು ಕಾಲಿಗೆ ಇಳಿದಿದೆ! ಇದಕ್ಕೆ ಎರಡು ಥರ ಉತ್ತರ ಕೊಡಬಹುದು. ಬರೆದ ಕಾನನ್ ಡಾಯ್ಲ್ ಮರೆತ, ಅಷ್ಟೇ. ಇದು ಡಾಯ್ಲ್ ಕಡೆಯ ಉತ್ತರ. ಇಲ್ಲ, ವಾಟ್ಸನ್‌ಗೆ ಎರಡು ಗಾಯ ಆಗಿರಬೇಕು, ಅಥವಾ ಒಂದರ ಬಗ್ಗೆ ಅವನು ಏನೋ ಮುಚ್ಚಿಡುತ್ತಿದ್ದಾನೆ. ಇದು ವಾಟ್ಸನ್ ಕಡೆಯ ಉತ್ತರ, ಕಥೆಯ ಒಳಗೇ ನಿಂತು ಹುಡುಕಿದ್ದು. 2010ರಲ್ಲಿ ಬಿಬಿಸಿಯವರು 'ಶೆರ್ಲಾಕ್' ಮಾಡಿದಾಗ ಗಾಯವನ್ನು ಭುಜದಲ್ಲೇ ಉಳಿಸಿ, ಕಾಲಿನ ಕುಂಟನ್ನು ಮನಸ್ಸಿನ ಕಾಯಿಲೆ ಮಾಡಿಬಿಟ್ಟರು. ಅಭಿಮಾನಿಗಳು ಕುಣಿದಾಡಿದರು. ಲೇಖಕನ ಮರೆವಿನಿಂದ ಒಂದು ಪಾತ್ರಕ್ಕೆ ಹೊಸ ಮನಸ್ಸು ಬಂತಲ್ಲ!

ನಮ್ಮ ಮನೆಯಲ್ಲಿ ಡಾಯ್ಲ್ ಕಡೆಯವಳು ಅಮ್ಮ. ಅವಳಿಗಾಗಿ ಸೆಟ್‌ಟಾಪ್ ಬಾಕ್ಸ್‌ಗೆ ಕನ್ನಡ ಚಾನೆಲ್‌ಗಳ ಪ್ಯಾಕ್ ಹಾಕಿಸಿದ್ದೇವೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ರಿಮೋಟ್ ಅವಳದ್ದು. ನಾಯಕಿ ಆಕ್ಸಿಡೆಂಟ್ ಆಗಿ ಐಸಿಯುನಲ್ಲಿ ಮಲಗಿದ್ದರೆ ಅಮ್ಮನಿಗೆ ಕಣ್ಣೀರು ಬರುವುದಿಲ್ಲ. "ಇವಳು ರಜೆ ಹಾಕಿದ್ದಾಳೆ. ಹದಿನೈದು ದಿನ ಮುಖಕ್ಕೆ ಬ್ಯಾಂಡೇಜ್ ಸುತ್ತಿ ಓಡಿಸುತ್ತಾರೆ, ನೋಡು" ಅನ್ನುತ್ತಾಳೆ. ಬ್ಯಾಂಡೇಜ್ ಬಿಚ್ಚಿದಾಗ ಒಳಗೆ ಬೇರೆ ಹುಡುಗಿ ಇದ್ದರೂ ಅವಳಿಗೆ ಆಶ್ಚರ್ಯ ಇಲ್ಲ. ಖಳನಾಯಕಿ ಇದ್ದಕ್ಕಿದ್ದಂತೆ ಒಳ್ಳೆಯವಳಾದರೆ, "ಟಿಆರ್‌ಪಿ ಬಿದ್ದಿರಬೇಕು."

ನನಗೆ ಬೇಕಾದ್ದು ವಾಟ್ಸನ್ ಕಡೆಯ ಉತ್ತರ. ಆದರೆ ಅಮ್ಮನ ಜೊತೆ ಕೂತು ಕೂತು ಒಂದು ವಿಷಯ ತಲೆಗೆ ಹತ್ತಿದೆ. ಕಾದಂಬರಿಯನ್ನು ಒಬ್ಬರು ಬರೆದು ಮುಗಿಸಿ ನಿನ್ನ ಕೈಗೆ ಕೊಡುತ್ತಾರೆ. ಸೀರಿಯಲ್ ಹಾಗಲ್ಲ. ಅದನ್ನು ಹತ್ತಾರು ಜನ ಸೇರಿ ಕಟ್ಟುತ್ತಿರುವಾಗಲೇ ನಾವು ನೋಡುತ್ತಿರುತ್ತೇವೆ. ನಟಿ ಗರ್ಭಿಣಿ ಆಗುತ್ತಾಳೆ, ನಟ ಜಗಳ ಮಾಡಿ ಬಿಡುತ್ತಾನೆ, ದುಡ್ಡು ಕಡಿಮೆಯಾಗಿ ಯುದ್ಧದ ದೃಶ್ಯ ಒಂದು ಸಂಭಾಷಣೆಯಲ್ಲಿ ಮುಗಿಯುತ್ತದೆ. ಎರಡೂ ಕಡೆಯ ಲೆಕ್ಕ ಇಟ್ಟುಕೊಳ್ಳದೆ ಬರೆದರೆ ಬರಹ ನಿಲ್ಲುವುದಿಲ್ಲ. ನಿನ್ನ ಕಾದಂಬರಿಗೆ ಈ ತಾಪತ್ರಯ ಇಲ್ಲ. ನನಗೆ ಈ ತಾಪತ್ರಯವೇ ಇಷ್ಟ.

'ಬ್ರೇಕಿಂಗ್ ಬ್ಯಾಡ್' ನೆನಪಿದೆಯಾ? ನೀನು ಆರೇಳು ಕಂತು ನೋಡಿ ಬಿಟ್ಟೆ ಅಂದಿದ್ದೆ. 2008ರಿಂದ 2013ರವರೆಗೆ ಬಂತು, ಒಟ್ಟು 62 ಕಂತು. ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್‌ಗೆ ಕ್ಯಾನ್ಸರ್. ಅವನು ಕದ್ದು ಡ್ರಗ್ ತಯಾರಿಸಲು ಇಳಿಯುತ್ತಾನೆ. ಅವನ ಹೆಂಡತಿ ಸ್ಕೈಲರ್. ಮೇಷ್ಟ್ರನ್ನು ಹೊಗಳಿದ ಜನವೇ ಅವಳನ್ನು ಬೈದ ಬೈಗುಳ ಎಷ್ಟೆಂದರೆ, ಆ ಪಾತ್ರ ಮಾಡಿದ ಆ್ಯನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದರ ಬಗ್ಗೆಯೇ ಬರೆಯಬೇಕಾಯಿತು. ಪಾತ್ರದ ಮೇಲಿನ ದ್ವೇಷ ನಟಿಯ ಮೇಲೂ ಹರಿದಿತ್ತು.

ನನಗೆ ಕುತೂಹಲ ಇದ್ದದ್ದು ಬೇರೆ ಕಡೆ. ಅವಳು ಮಾಡಿದ್ದಾದರೂ ಏನು? ಇದಕ್ಕೆ ನಾನು ಒಂದು ಪಟ್ಟಿ ಮಾಡಿದೆ. ಪ್ರತಿ ದೃಶ್ಯದಲ್ಲಿ ಸ್ಕೈಲರ್‌ಗೆ ಏನು ಗೊತ್ತು, ನಮಗೆ ಏನು ಗೊತ್ತು. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಲೋಕಲ್‌ನಲ್ಲಿ ಸೀಟಿಗಾಗಿ ಕಲ್ಯಾಣ್ ಸ್ಟೇಷನ್‌ವರೆಗೆ ಉಲ್ಟಾ ಹೋಗಿ, ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿ, ಫೋನಿನಲ್ಲಿ ಕಂತು ನೋಡುತ್ತಾ ಬರೆದುಕೊಂಡ ಪಟ್ಟಿ ಅದು. ಬರೆಯುತ್ತಾ ಹೋದ ಹಾಗೆ ಚಿತ್ರ ಸ್ಪಷ್ಟ ಆಯಿತು. ಅವಳು ಬಸುರಿ. ಗಂಡ ಕಾಯಿಲೆಯನ್ನು ಮುಚ್ಚಿಟ್ಟ. ಹೊತ್ತಲ್ಲದ ಹೊತ್ತಿನಲ್ಲಿ ಮಾಯವಾಗುತ್ತಾನೆ. ಎರಡನೇ ಫೋನ್ ಇದೆಯಾ ಎಂದು ಕೇಳಿದರೆ ಇಲ್ಲ ಅನ್ನುತ್ತಾನೆ. ಒಂದು ದಿನ ಬಟ್ಟೆಯಿಲ್ಲದೆ ಸೂಪರ್‌ಮಾರ್ಕೆಟಿನಲ್ಲಿ ಸಿಗುತ್ತಾನೆ, ಏನೂ ನೆನಪಿಲ್ಲ ಎಂದು ನಾಟಕ ಆಡುತ್ತಾನೆ. ಮೊದಲ ಎರಡು ಸೀಸನ್, ಅಂದರೆ 20 ಕಂತು, ಅವನು ಡ್ರಗ್ ತಯಾರಿಸುವ ವಿಷಯ ಅವಳಿಗೆ ಗೊತ್ತೇ ಇಲ್ಲ. ಗೊತ್ತಾಗುವುದು ಮೂರನೇ ಸೀಸನ್ನಿನ ಮೊದಲ ಕಂತಿನಲ್ಲಿ, ಅದೂ ಅವಳೇ ಊಹಿಸಿ ಕೇಳಿದಾಗ.

ಆದರೆ ಕ್ಯಾಮೆರಾ ಮೊದಲಿಂದಲೂ ವಾಲ್ಟರ್‌ನ ಪಕ್ಕದಲ್ಲಿ ಕೂತಿದೆ. ಅವನ ಗುಟ್ಟಿನಲ್ಲಿ ನಾವೂ ಪಾಲುದಾರರು. ಅವನು ಮನೆಗೆ ಬಂದಾಗ "ಎಲ್ಲಿಗೆ ಹೋಗಿದ್ದೆ?" ಎಂದು ಕೇಳುವವಳು ನಮ್ಮ ಕೆಲಸಕ್ಕೂ ಅಡ್ಡ ಬರುವವಳಾಗಿ ಕಾಣುತ್ತಾಳೆ. ಬೈದವರೆಲ್ಲ ಕೆಟ್ಟ ಜನ ಅಂತ ನಾನು ಬರೆಯಲಿಲ್ಲ. ದೃಶ್ಯಗಳನ್ನು ಜೋಡಿಸಿದ ಕ್ರಮವೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದೆ ಅಂತ ಬರೆದೆ. ಸ್ಕೈಲರ್‌ಗೆ ಗೊತ್ತಿದ್ದಷ್ಟನ್ನೇ ಅಮ್ಮನಿಗೂ ಕಥೆಯಾಗಿ ಹೇಳಿದೆ. ಅವಳು ಕಡಲೆ ಬಿಡಿಸುತ್ತಾ, "ಮತ್ತೆ ಹೆಂಡತಿ ಕೇಳಬಾರದಾ? ನಾನಾಗಿದ್ದರೆ ಮೊದಲನೇ ವಾರವೇ ಊರಿಗೆ ಹೋಗುತ್ತಿದ್ದೆ" ಅಂದಳು. ನನ್ನ ಅಷ್ಟುದ್ದದ ಬರಹ ಅಷ್ಟೇ ಹೇಳುತ್ತಿತ್ತು.

ಈಗ ನಿನ್ನ ಕಾದಂಬರಿ ಪ್ರಶ್ನೆಗೆ ಬರುತ್ತೇನೆ. ನಿನಗೆ ಹೊಸದು ಅನ್ನಿಸುವ ಈ ಕೆಲಸವನ್ನು ನಿಮ್ಮ ಮನೆಯಲ್ಲೇ ನಾನು ಮೊದಲು ಕೇಳಿದ್ದು. ನಿನ್ನ ಅಪ್ಪ ಕ್ಯಾಸೆಟ್‌ನಲ್ಲಿ ತಾಳಮದ್ದಳೆ ಹಾಕುತ್ತಿದ್ದರಲ್ಲ, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ. ಯಕ್ಷಗಾನದ್ದೇ ಕಥೆ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರು ಪದ ಹೇಳಿ ಬಿಟ್ಟರೆ ಮುಂದೆ ಬರೀ ಮಾತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ರಾಮಾ, ನಿನಗೂ ನನಗೂ ಏನು ಹಗೆ ಇತ್ತು ಎಂದು ವಾಲಿ ಕೇಳುವಾಗ, ಸಾಯುತ್ತಿರುವವನ ಕಡೆಗೆ ಇಡೀ ಸಭೆ ಹೋಗಿಬಿಡುತ್ತದೆ. ಎದುರು ಕೂತ ರಾಮನ ಅರ್ಥಧಾರಿ, ಅಂದರೆ ರಾಮನಾಗಿ ಮಾತಾಡುವವರು, ಅದಕ್ಕೆ ಸಮ ಉತ್ತರ ಹುಡುಕಬೇಕು. ಇವತ್ತು ವಾಲಿ ಹೇಳಿದವರು ನಾಳೆ ಬೇರೆ ಊರಿನಲ್ಲಿ ರಾಮ ಹೇಳಬಹುದು. ಯಾವ ಪಾತ್ರ ಕೊಟ್ಟರೂ ಪೂರ್ತಿ ಅದರ ಪರ. ಆದರೆ ಒಂದು ಕಟ್ಟು ಇದೆ: ಪ್ರಸಂಗ, ಅಂದರೆ ಕಥೆ, ಬದಲಿಸುವ ಹಾಗಿಲ್ಲ. ಎಷ್ಟು ಚೆನ್ನಾಗಿ ವಾದ ಮಾಡಿದರೂ ವಾಲಿ ಸಾಯಲೇಬೇಕು.

ನಾನು ಮಾಡುವುದೂ ಹೀಗೆ ಪಾತ್ರದ ಪರ ಮಾತಾಡುವ ಅರ್ಥಗಾರಿಕೆಯೇ. ಪದ ಮಾತ್ರ ಬೇರೆಯವರದ್ದು.

ಸಿಂಹಾಸನಕ್ಕಾಗಿ ರಾಜಮನೆತನಗಳು ಕಾದಾಡುವ 'ಗೇಮ್ ಆಫ್ ಥ್ರೋನ್ಸ್' ಸೀರಿಯಲ್ ಮುಗಿಯುವ ಹೊತ್ತಿಗೆ ಈ ಕಟ್ಟಿನ ಬೆಲೆ ಚೆನ್ನಾಗಿ ತಿಳಿಯಿತು. ಕೊನೆಯ ಸೀಸನ್ 2019ರಲ್ಲಿ ಬಂತು. ನಮಗೆ ಇಲ್ಲಿ ಸೋಮವಾರ ಬೆಳಿಗ್ಗೆ 6.30ಕ್ಕೆ. ಮೇ 13ರ ಕಂತಿನಲ್ಲಿ ಸಿಂಹಾಸನ ಕೇಳಿ ಬಂದ ರಾಣಿ ಡೆನೇರಿಸ್ ಗೆದ್ದಾಗಿದೆ, ಶರಣಾಗತಿಯ ಗಂಟೆ ಬಾರಿಸುತ್ತಿದೆ, ಆದರೂ ಡ್ರ್ಯಾಗನ್ ಮೇಲೆ ಕೂತು ಇಡೀ ಊರನ್ನು ಸುಟ್ಟುಬಿಡುತ್ತಾಳೆ. ಅವತ್ತು ಲೋಕಲ್‌ನಲ್ಲಿ ಇನ್ನೂ ನೋಡದ ಅರ್ಧ ಜನ ಕಿವಿ ಮುಚ್ಚಿಕೊಂಡಿದ್ದರು, ನೋಡಿದ ಇನ್ನರ್ಧ ಜನ ಕಿರುಚುತ್ತಿದ್ದರು. ಆಮೇಲೆ ಆ ಸೀಸನ್ ಅನ್ನು ಬೇರೆ ಲೇಖಕರಿಂದ ಮತ್ತೆ ಮಾಡಿಸಬೇಕು ಎಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಾನು ಹಾಕಲಿಲ್ಲ. ಅದು ಅರ್ಥಧಾರಿ ಎದ್ದು ನಿಂತು, ಈ ಪ್ರಸಂಗ ನನಗೆ ಬೇಡ, ಬೇರೆ ಬರೆಸಿ ಅಂದ ಹಾಗೆ.

ಅವಳ ಪರವಾಗಿ ಬರೆಯಲು ಕೂತೆ. ಅಂದರೆ ಅವಳು ಮಾಡಿದ್ದು ಸರಿ ಅಂತಲ್ಲ, ಆ ಕೆಲಸ ಅವಳದ್ದೇ ಅಂತ. ಆಧಾರ ಬೇಕಾದಷ್ಟಿತ್ತು. ಮೀರೀನ್ ಊರಿನ ಗುಲಾಮರ ಒಡೆಯರು 163 ಮಕ್ಕಳನ್ನು ಶಿಲುಬೆಗೇರಿಸಿದ್ದಕ್ಕೆ ಅವಳೂ ಲೆಕ್ಕ ಹಾಕಿ 163 ಒಡೆಯರನ್ನು ಏರಿಸಿದಳು. ನಾವು ಆಗ ಚಪ್ಪಾಳೆ ಹೊಡೆದಿದ್ದೆವು. ಏಳನೇ ಸೀಸನ್ನಿನಲ್ಲಿ ಸೋತು ನಿಂತ ಒಬ್ಬ ತಂದೆಯನ್ನೂ ಅವನ ಮಗನನ್ನೂ ಸುಟ್ಟಳು. ಆಗಲೂ ನಮಗೆ ಅಷ್ಟೇನೂ ಅನ್ನಿಸಲಿಲ್ಲ, ಅವರು ನಮಗೆ ಬೇಕಾದವರಲ್ಲ. ಎದುರಿನ ಅರ್ಥಧಾರಿಗಳೂ, ಅಂದರೆ ನನ್ನ ಮಾತು ಒಪ್ಪದ ಅಭಿಮಾನಿಗಳು, ಸುಮ್ನೆ ಕೂರುವವರಲ್ಲ. ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಒಬ್ಬ ತಂದೆ ತನ್ನ ಮಗುವಿನ ಸುಟ್ಟ ಮೂಳೆಗಳನ್ನು ತಂದು ಇಟ್ಟಾಗ ಅತ್ತು, ತನ್ನದೇ ಡ್ರ್ಯಾಗನ್‌ಗಳಿಗೆ ಸರಪಳಿ ಹಾಕಿದವಳು ಇವಳೇ ಅಲ್ವಾ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆ ಸರಪಳಿಯಿಂದ ಗಂಟೆಯವರೆಗಿನ ದಾರಿ ಪರದೆಯ ಮೇಲೆ ಪೂರ್ತಿ ಕಾಣುವುದಿಲ್ಲ. ಇಲ್ಲಿ ಅಮ್ಮನ ಕಡೆಯ ಉತ್ತರ ಬೇಕಾಗುತ್ತದೆ. ಮೊದಲ ಆರು ಸೀಸನ್‌ಗೆ ತಲಾ 10 ಕಂತು, ಏಳನೆಯದಕ್ಕೆ 7, ಎಂಟನೆಯದಕ್ಕೆ 6. ಸೀರಿಯಲ್‌ಗೆ ಮೂಲವಾದ ಕಾದಂಬರಿಗಳಂತೂ 2011ರಲ್ಲಿ ಬಂದ ಐದನೆಯದಕ್ಕೇ ನಿಂತಿದ್ದವು. ದಾರಿ ಇತ್ತು, ನಡೆಯಲು ಹೊತ್ತು ಕೊಡಲಿಲ್ಲ. ನನ್ನ ತೀರ್ಪು ಈಗಲೂ ಅದೇ.

ಅಂದ ಹಾಗೆ ನಿನ್ನ ಇನ್ನೊಂದು ಕೊಕ್ಕೆ: ಕನ್ನಡ ಸೀರಿಯಲ್ ಬಗ್ಗೆ ಯಾಕಿಲ್ಲ? ಪ್ರಯತ್ನಪಟ್ಟಿದ್ದೇನೆ. ವಾರಕ್ಕೆ ಐದಾರು ದಿನ ಬರುವ ಕಥೆ, ಗುರುವಾರ ಟಿವಿ ವೀಕ್ಷಕರ ಲೆಕ್ಕ ಇಡುವ ಬಾರ್ಕ್‌ನವರ ರೇಟಿಂಗ್ ನೋಡಿ ತಿರುಗುವ ಕಥೆ. ಅಲ್ಲಿ ಪಾತ್ರದ ಮನಸ್ಸನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಅದಕ್ಕೆ ಬೇರೆ ಕಣ್ಣು ಬೇಕು. ಯಾರಾದರೂ ಒಂದು ಮಾತು ಅಂದರೆ ಕ್ಯಾಮೆರಾ ಮನೆಯವರ ಮುಖದ ಮೇಲೆಲ್ಲ ಸುತ್ತುತ್ತದಲ್ಲ, ನಾವೆಲ್ಲ ನಗುತ್ತೇವಲ್ಲ, ಅಲ್ಲೇ ಇದೆ ವಿಷಯ. ಯಾರ ಮುಖಕ್ಕೆ ಮೊದಲು ಹೋಗುತ್ತದೆ, ಯಾರದ್ದು ಕೊನೆಗೆ, ಯಾರ ಮುಖ ಬರುವುದೇ ಇಲ್ಲ. ಆರು ತಿಂಗಳಲ್ಲಿ ಆ ಸಾಲು ಹೇಗೆ ಬದಲಾಯಿತು ಎಂದು ಬರೆದಿಟ್ಟರೆ, ಆ ಮನೆಯಲ್ಲಿ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದು ಸಂಭಾಷಣೆಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಇದು ನನ್ನ ಕಣ್ಣಿಗೆ ಬಿದ್ದದ್ದಲ್ಲ, ಅಮ್ಮ ಹೇಳಿದ್ದು. "ಅಡುಗೆಯವಳ ಮುಖ ತೋರಿಸಿದರು ಅಂದರೆ ಅವಳಿಗೆ ಮುಂದೆ ಕಥೆ ಇದೆ" ಅಂದಳು. ಎರಡು ವಾರದಲ್ಲಿ ಅಡುಗೆಯವಳು ಮನೆ ಯಜಮಾನನ ಕಳೆದುಹೋದ ತಂಗಿ ಆದಳು. ಈಗ ಆ ಸೀರಿಯಲ್‌ನ ಮುಖಗಳ ಪಟ್ಟಿ ಮಾಡುತ್ತಿದ್ದೇನೆ, ಅಮ್ಮ ಸಹಾಯಕಿ. ಸಂಬಳ ಕೇಳುತ್ತಿದ್ದಾಳೆ.

ಮಳೆಗಾಲದಲ್ಲಿ ಊರಿನ ಕಲಾವಿದರು ತಾಳಮದ್ದಳೆಗೆ ಇಲ್ಲಿಗೆ ಬರುತ್ತಾರೆ. ಮಾಟುಂಗಾದಲ್ಲೋ ಸಯನ್‌ನಲ್ಲೋ ಒಂದು ವಾಲಿ ಸಿಕ್ಕರೆ ಹೇಳುತ್ತೇನೆ, ರಜೆ ಹಾಕಿ ಬಾ. ಉಳಿಯಲು ನಮ್ಮ ಮನೆ ಇದೆ. ಅಷ್ಟರಲ್ಲಿ ಸ್ಕೈಲರ್ ಬಗ್ಗೆ ನಿನ್ನ ತಕರಾರು ಏನಿದ್ದರೂ ಬರೆದು ಕಳಿಸು. ಆದರೆ ಆರೇಳು ಕಂತಿನ ಬಲದಲ್ಲಿ ವಾದಕ್ಕೆ ಬರಬೇಡ, ಆ 20 ಕಂತು ಪೂರ್ತಿ ನೋಡು. ಹೆಂಡತಿಯನ್ನೂ ಜೊತೆಗೆ ಕೂರಿಸಿಕೋ, ಅವರ ಅಭಿಪ್ರಾಯ ಬೇರೆಯಾಗಿ ಬರೆಸಿ ಕಳಿಸು.

ನಿನ್ನ,
ಡೊಂಬಿವಲಿಯ ಗೆಳೆಯ