ಕಸದ ಬುಟ್ಟಿಯಲ್ಲಿ ಸಿಕ್ಕ ಮೆಡಲ್

ಪುಟ್ಟೀ,

ಸೋತ ಮ್ಯಾಚಿಗೆ ಕೊಟ್ಟ ನಿನ್ನ ಮೆಡಲ್ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಈರುಳ್ಳಿ ಸಿಪ್ಪೆ, ಕಾಫಿ ಚರಟದ ಕೆಳಗೆ. ಸುಮ್ನೆ ಎಸೆದಿದ್ದಲ್ಲ, ಕಾಣಬಾರದು ಅಂತ ಹೂತು ಹಾಕಿದ್ದೆ, ಅಲ್ವಾ?

ಬೈಯೋದಕ್ಕೆ ಬರೆಯುತ್ತಿಲ್ಲ. ನಾನು ನೈಟ್ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ನೀನು ಸ್ಕೂಲಿಗೆ ಹೊರಟಿರುತ್ತೀಯ. ಅದಕ್ಕೇ ಈ ಚೀಟಿ. ಚೀಟಿ ಅಂತ ಶುರು ಮಾಡಿದೆ, ಉದ್ದವಾಗುವ ಹಾಗೆ ಕಾಣುತ್ತಿದೆ.

ಹೋದ ವರ್ಷ ಗೇಲಿಕ್ ಫುಟ್‌ಬಾಲ್ ಮ್ಯಾಚ್‌ಗೆ ಅಂತ ಉತ್ತರ ಐರ್ಲೆಂಡಿನ ಕ್ರಾಸ್‌ಮ್ಯಾಗ್ಲೆನ್‌ಗೆ ಹೋಗಿದ್ದೆವಲ್ಲ, ನೆನಪಿದೆಯಾ? ಇಡೀ ಊರು ಎರಡು ಸಾವಿರ ಜನ ಮುಟ್ಟೋದಿಲ್ಲ. ನಮ್ಮ ಕಡೆ ಒಂದು ಹೋಬಳಿಯೂ ಅದಕ್ಕಿಂತ ದೊಡ್ಡದು. ಆ ಊರಿನ ಕ್ಲಬ್, ಕ್ರಾಸ್‌ಮ್ಯಾಗ್ಲೆನ್ ರೇಂಜರ್ಸ್, ಶುರುವಾಗಿದ್ದು 1887ರಲ್ಲಿ. ಇಡೀ ಐರ್ಲೆಂಡಿನ ಕ್ಲಬ್ ಚಾಂಪಿಯನ್‌ಶಿಪ್ಪನ್ನು ಆರು ಸಲ ಗೆದ್ದಿದೆ. ಅವರ ಆರ್ಮಾ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯ ಹಾಗೆ, 1996ರಿಂದ 2008ರವರೆಗೆ ಸತತ 13 ವರ್ಷ ಅವರದೇ ಗೆಲುವು. ಇದು ಹಣ ಕೊಟ್ಟು ಆಟಗಾರರನ್ನು ತರುವ ಆಟವೂ ಅಲ್ಲ. ಯಾರಿಗೂ ಸಂಬಳ ಇಲ್ಲ. ಹೆಚ್ಚಾಗಿ ಆ ಊರಲ್ಲಿ ಬೆಳೆದವರೇ ಆಡೋದು. ಶನಿವಾರ ಆಡಿ ಸೋಮವಾರ ಕೆಲಸಕ್ಕೆ ಹೋಗಬೇಕು.

ಆ ಮೈದಾನದ ಕಥೆ ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ನಮ್ಮ ಆಸ್ಪತ್ರೆ ವಾರ್ಡಿಗೆ ಬಂದ ಆ ಕಡೆಯ ಅಜ್ಜ ಒಬ್ಬರು ಹೇಳಿದರು. ಉತ್ತರ ಐರ್ಲೆಂಡಿನ ಗಲಭೆಯ ಕಾಲದಲ್ಲಿ, 1970ರ ದಶಕದಲ್ಲಿ, ಬ್ರಿಟಿಷ್ ಸೈನ್ಯ ಮೈದಾನದ ಪಕ್ಕದಲ್ಲೇ ಠಾಣೆ ಹಾಕಿಕೊಂಡು ಕ್ಲಬ್ಬಿನ ಜಾಗದ ಒಂದು ಭಾಗವನ್ನೂ ತೆಗೆದುಕೊಂಡಿತು. ಹೆಲಿಕಾಪ್ಟರ್ ಇಳಿಯುತ್ತಿತ್ತು, ಏರುತ್ತಿತ್ತು. ಆ ಸದ್ದಿನಲ್ಲೇ ಮಕ್ಕಳು ಚೆಂಡು ಪುಟಿಸುತ್ತಾ ಆಟ ಕಲಿತರು. ಠಾಣೆ ಮುಚ್ಚಿದ್ದು 2007ರಲ್ಲಿ. ಅದೇ ವರ್ಷ ಕ್ಲಬ್ ಮತ್ತೆ ಐರ್ಲೆಂಡಿಗೆ ಚಾಂಪಿಯನ್. ಅಜ್ಜ ಇದನ್ನು ಹೇಳುವಾಗ ಬಿಪಿ ನೋಡಬಾರದಿತ್ತು, ಸಿಕ್ಕಾಪಟ್ಟೆ ಜಾಸ್ತಿ ಬಂತು.

ಈಗ ಮೆಡಲ್ ವಿಷಯ. ಆ ಕ್ಲಬ್ಬಿನ ಆಟಗಾರ ಜೋ ಕರ್ನನ್ 1977ರಲ್ಲಿ ಆರ್ಮಾ ಕೌಂಟಿ ತಂಡದಲ್ಲಿ ಆಲ್ ಐರ್ಲೆಂಡ್ ಫೈನಲ್, ಅಂದರೆ ಕೌಂಟಿಗಳ ನಡುವಿನ ಫೈನಲ್, ಆಡಿದರು. ಡಬ್ಲಿನ್ ಎದುರು ಹೀನಾಯ ಸೋಲು. ಸೋತವರಿಗೂ ಒಂದು ಫಲಕ ಕೊಟ್ಟರು. ಅವರು ಅದನ್ನು ಎಸೆಯಲಿಲ್ಲ, ಇಟ್ಟುಕೊಂಡರು.

ಆಮೇಲೆ ಅವರೇ ಕ್ಲಬ್ಬಿನ ಮ್ಯಾನೇಜರ್ ಆಗಿ 1997, 1999, 2000ರಲ್ಲಿ ಐರ್ಲೆಂಡಿನ ಕ್ಲಬ್ ಚಾಂಪಿಯನ್‌ಶಿಪ್ ಗೆಲ್ಲಿಸಿದರು. 2002ರಲ್ಲಿ ಆರ್ಮಾ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋದರು. ಎದುರಿಗೆ ಕೆರಿ ಕೌಂಟಿ. ಆರ್ಮಾ ಅಲ್ಲಿಯವರೆಗೆ ಒಂದು ಸಲವೂ ಗೆದ್ದಿರಲಿಲ್ಲ. 1953ರ ಫೈನಲ್‌ನಲ್ಲಿ ಇದೇ ಕೆರಿ ಎದುರು ಪೆನಾಲ್ಟಿ ಹಾಳುಮಾಡಿಕೊಂಡು ಸೋತಿದ್ದರು. ಈ ಸಲವೂ ಹಾಫ್ ಟೈಮ್‌ಗೆ ಮುಂಚೆ ಪೆನಾಲ್ಟಿ ಸಿಕ್ಕಿತು. ಕ್ರಾಸ್‌ಮ್ಯಾಗ್ಲೆನ್ನಿನ ಹುಡುಗ ಆಶೀನ್ ಮೆಕಾನ್ವಿಲ್ ಒದ್ದ. ಗೋಲ್ ಆಗಲಿಲ್ಲ. ನಾಲ್ಕು ಪಾಯಿಂಟ್ ಹಿಂದೆ. ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರ ಮುಖ ಹೇಗಿದ್ದಿರಬಹುದು, ನಿನಗೆ ನಾನು ಹೇಳಬೇಕಾಗಿಲ್ಲ.

ಕರ್ನನ್ ಆ 1977ರ ಫಲಕ ತಂದಿದ್ದರು. ಎಲ್ಲರಿಗೂ ತೋರಿಸಿದರು. ಮನೆಗೆ ಇಂಥದ್ದನ್ನು ಹಿಡಿದುಕೊಂಡು ಹೋಗಬೇಕಾ ಅಂತ ಕೇಳಿ, ಬಚ್ಚಲ ಗೋಡೆಗೆ ಬೀಸಿ ಹೊಡೆದರು. ಚೂರು ಚೂರು. ಎರಡನೇ ಅರ್ಧದಲ್ಲಿ ಕೆರಿಗೆ ಸಿಕ್ಕಿದ್ದು ಮೂರೇ ಪಾಯಿಂಟ್. ಗೋಲ್ ಹೊಡೆದವನು, ಪೆನಾಲ್ಟಿ ಹಾಳುಮಾಡಿಕೊಂಡ ಅದೇ ಮೆಕಾನ್ವಿಲ್! ಆರ್ಮಾ 1-12, ಕೆರಿ 0-14, ಮೊದಲನೆಯ ಅಂಕಿ ಗೋಲ್, ಎರಡನೆಯದು ಪಾಯಿಂಟ್. ಒಂದು ಗೋಲ್‌ಗೆ ಮೂರು ಪಾಯಿಂಟ್, ಲೆಕ್ಕ ನೀನೇ ಹಾಕು. ಬರೀ ಒಂದು ಪಾಯಿಂಟ್‌ನ ಗೆಲುವು.

ಎಸೆದರೆ ಹೀಗೆ ಎಸೆಯಬೇಕು ನೋಡು. ಆದರೆ ಅವರು ಎಸೆಯೋದಕ್ಕೆ ಮುಂಚೆ ಅದನ್ನು 25 ವರ್ಷ ಇಟ್ಟುಕೊಂಡಿದ್ದರು. ನೀನು ಸಂಜೆಯವರೆಗೂ ಇಟ್ಟುಕೊಳ್ಳಲಿಲ್ಲ.

ಒಂದು ತಪ್ಪು ನನ್ನದೂ ಇದೆ. ಕಾರಿನಲ್ಲಿ ಬರುವಾಗ 'ಹೋಗಲಿ ಬಿಡು, ಬರೀ ಆಟ ತಾನೇ' ಅಂದೆ. ನೀನು ಕಿಟಕಿ ಕಡೆ ತಿರುಗಿಕೊಂಡೆ. ಆ ಅಜ್ಜನ ಮುಂದೆ ಅದೇ ಮಾತು ಆಡಿದ್ದರೆ ಬಿಪಿ ಪಟ್ಟಿ ಕಿತ್ತು ನನ್ನ ಮುಖಕ್ಕೆ ಎಸೆಯುತ್ತಿದ್ದರು.

ಮೆಡಲ್ ತೊಳೆದು ಒರೆಸಿ ಇಟ್ಟಿದ್ದೇನೆ. ರಿಬ್ಬನ್‌ಗೆ ಕಾಫಿ ಕಲೆ ಉಳಿದಿದೆ, ಹೋಗಲಿಲ್ಲ. ನನ್ನ ಬಟ್ಟೆ ಬೀರುವಿನ ಮೇಲಿನ ಡ್ರಾಯರ್, ಪಾಸ್‌ಪೋರ್ಟುಗಳ ಪಕ್ಕ. ಬೇಕಾದಾಗ ತೆಗೆದುಕೊ, ಎಸೆಯೋದಕ್ಕಾದರೂ ಸರಿ. ಬಚ್ಚಲ ಗೋಡೆ ಮಾತ್ರ ಬೇಡ ಕಣೆ, ಬಾಡಿಗೆ ಮನೆ, ಹೊಸ ಟೈಲ್ಸ್.

ಅಮ್ಮ ಮಾಡಿದ ಬಿಸಿಬೇಳೆಬಾತ್ ಫ್ರಿಜ್ಜಿನಲ್ಲಿದೆ. ಬಿಸಿ ಮಾಡುವಾಗ ಸ್ವಲ್ಪ ನೀರು ಹಾಕು. ಗುರುವಾರ ಪ್ರಾಕ್ಟೀಸ್‌ಗೆ ಹೋಗ್ತೀಯಾ ಇಲ್ವಾ ಅಂತ ಇದರ ಹಿಂದೆ ಬರೆದಿಡು. ಹೋಗೋದಾದರೆ ನಾನು ಡ್ಯೂಟಿ ಬದಲಾಯಿಸಿಕೊಳ್ಳಬೇಕು.

ನಿನ್ನ
ಅಪ್ಪ