ಹಳ್ಳದ ದಂಡೆಯ ರೈತನಿಗೆ ನೆರವು ಬೇಕು

ಮಾನ್ಯರೇ,

ನಾವು ನೆಲೆಸಿರುವ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಮೀನುಗಳನ್ನು ಉಳಿಸಲು ಹಳ್ಳದ ದಂಡೆಗಳಲ್ಲಿ ಮತ್ತೆ ಮರ ಬೆಳೆಸುವುದು ಅನಿವಾರ್ಯವಾಗಿದ್ದು, ಆ ಹೊರೆಯನ್ನು ರೈತನೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ.

ಇಲ್ಲಿನ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಹಿನ್ನೀರಿನ ಪ್ರದೇಶದ ಚಿನೂಕ್ ಜಾತಿಯ ಸಾಲ್ಮನ್ 1999ರಿಂದಲೂ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಈ ಮೀನಿಗೆ ತಣ್ಣನೆಯ ನೀರೇ ಜೀವಾಳ. ದಂಡೆಯ ವಿಲ್ಲೋ, ಆಲ್ಡರ್, ಸೀಡರ್ ಮರಗಳು ನೆರಳು ಕೊಡುವುದಷ್ಟೇ ಅಲ್ಲದೆ, ಎಲೆಗಳಿಂದ ಉದುರುವ ಹುಳುಹುಪ್ಪಟೆಗಳ ಮೂಲಕ ಮರಿಗಳಿಗೆ ಆಹಾರವನ್ನೂ, ನೀರಿಗೆ ಉರುಳಿಬಿದ್ದ ಕಾಂಡಗಳ ಅಡಿಯಲ್ಲಿ ಅಡಗುದಾಣವನ್ನೂ ಒದಗಿಸುತ್ತವೆ. ಬೇರುಗಳು ಮಣ್ಣನ್ನು ಹಿಡಿದಿಡುವುದರಿಂದ ಜಲ್ಲಿಕಲ್ಲುಗಳ ನಡುವಿನ ಮೊಟ್ಟೆಗಳು ಹೂಳಿನಲ್ಲಿ ಉಸಿರುಗಟ್ಟುವುದು ತಪ್ಪುತ್ತದೆ.

ದಂಡೆಯ ಜಮೀನಿಗೆ 10ರಿಂದ 15 ವರ್ಷಗಳ ಒಪ್ಪಂದದ ಮೇಲೆ ಬಾಡಿಗೆ ಕೊಟ್ಟು, ಸಸಿ ಹಾಗೂ ಬೇಲಿಯ ಖರ್ಚಿಗೆ ನೆರವಾಗುವ ಸರ್ಕಾರಿ ಯೋಜನೆ ಇಲ್ಲಿದೆ. ಅದು ಮೆಚ್ಚತಕ್ಕದ್ದೇ. ಆದರೆ ಆಲೂಗಡ್ಡೆ, ಬೆರಿ ಹಣ್ಣು ಬೆಳೆಯುವ ಸ್ಕ್ಯಾಗಿಟ್ ಕಣಿವೆಯಂತಹ ಫಲವತ್ತಾದ ನೆಲವನ್ನು ಬಿಟ್ಟುಕೊಡುವವನಿಗೆ ಬೆಳೆಯ ಆದಾಯಕ್ಕೆ ಸರಿದೂಗುವ ಬಾಡಿಗೆ ಸಿಗಬೇಕು; ಬ್ಲ್ಯಾಕ್‌ಬೆರಿ ಮುಳ್ಳುಪೊದೆ ಎಳೆ ಸಸಿಗಳನ್ನು ಮುಚ್ಚಿಹಾಕದಂತೆ, ಅವು ಆಳೆತ್ತರ ಬೆಳೆಯುವವರೆಗೆ ಕಳೆ ತೆಗೆಸುವ ಹೊಣೆಯನ್ನೂ ಸರ್ಕಾರವೇ ಹೊರಬೇಕು.

– ಓದುಗ, ಸಿಯಾಟಲ್