ಬಿಳಿ ಸಾಲಲ್ಲಿ ಒಂದು ಹಳದಿ ಕೊಂಬೆ: ಗೆಳೆಯನಿಗೊಂದು ಪತ್ರ

ಲೋ ಮಗಾ,

ಹೋದ ವರ್ಷ ದಸರಾ ಟೈಮಲ್ಲಿ ಒಂದು ಫೋಟೋ ಕಳ್ಸಿದ್ದೆ ನೆನಪಿದ್ಯಾ, ಸೇವಂತಿಗೆದು, ನೀನು ನೋಡಿ ಯಾವ ಫಿಲ್ಟರ್ ಹಾಕಿದೀಯೋ ಅಂತ ನಕ್ಕಿದ್ದೆ. ಫಿಲ್ಟರ್ ಅಲ್ಲ ಕಣೋ ಅದು. ಅದರ ಕಥೆ ಈಗ ಒಂದು ಹಂತಕ್ಕೆ ಬಂದಿದೆ, ನಿನ್ನಿಂದ ಒಂದು ಕೆಲಸಾನೂ ಆಗ್ಬೇಕು, ಅದಕ್ಕೇ ಕೂತು ಬರೀತಿದೀನಿ. ಎಲ್ರಿಗೂ ಕಾಣೋ ಹಾಗೆ ಯಾಕೆ ಹಾಕ್ದೆ ಅಂತ ಬೈಬೇಡ, ನಮ್ಮ ಚಿಕ್ಕಬಳ್ಳಾಪುರದ ಕಡೆ ಹೂ ಬೆಳೆಯೋರು ಇನ್ನೂ ನಾಲ್ಕು ಜನ ಓದ್ಲಿ ಅಂತ.

ನಮ್ಮದು ಗೊತ್ತಲ್ಲ, ಮುಕ್ಕಾಲು ಎಕರೆ ಸೆಂಟ್ ವೈಟು, ಬಿಳಿ ಸೇವಂತಿಗೆ ತಳಿ. ಹಬ್ಬಕ್ಕೆ ಮುಂಚಿನ ವಾರ ಬೆಳಿಗ್ಗೆ ಕತ್ತಲಿದ್ದಾಗ್ಲೇ ತಲೆಗೆ ಟಾರ್ಚ್ ಕಟ್ಕೊಂಡು ಹೂ ಬಿಡಿಸ್ತಾ ಇದ್ವಿ. ಕೂಲಿಗೆ ಬರೋ ದೊಡ್ಡಮ್ಮ ಒಬ್ರಿದಾರೆ, ಅವ್ರು ನಾಲ್ಕನೇ ಸಾಲಲ್ಲಿ ನಿಂತ್ಕೊಂಡು 'ಏಮಪ್ಪಾ ಇದಿ, ಪಚ್ಚಗಾ ಉಂದಿ' ಅಂದ್ರು. ನಾನು ಕನ್ನಡದ ಕಿವಿಯಲ್ಲಿ ಕೇಳಿಸ್ಕೊಂಡು, ಪಚ್ಚೆ ಅಂದ್ರೆ ಹಸಿರು ಇರ್ಬೇಕು, ಬಲಿತಿಲ್ಲ, ಬಿಟ್ಬಿಡಿ ಅಂದೆ. ತೆಲುಗಲ್ಲಿ ಹಳದಿಗೂ ಪಚ್ಚ ಅಂತಾರೆ ಅನ್ನೋದು ಹುಟ್ಟಿದಾಗಿಂದ ಕೇಳ್ಕೊಂಡೇ ಬೆಳೆದಿದೀನಿ, ಆ ಹೊತ್ತಲ್ಲಿ ಹೊಳೀಲೇ ಇಲ್ಲ. ಬೆಳಕು ಹರಿದ್ಮೇಲೆ ಹೋಗಿ ನೋಡ್ತೀನಿ, ಒಂದೇ ಗಿಡ, ಐದು ಕೊಂಬೆ ಬೆಳ್ಳಗೆ ಎಂದಿನ ಥರಾನೇ ಇದೆ, ಆರನೇ ಕೊಂಬೆಯಲ್ಲಿ ಮಾತ್ರ ಅಷ್ಟೂ ಹೂ ಹಳದಿ. ಮಾರಿಗೋಲ್ಡ್ ಅಂತ ಒಂದು ಸೇವಂತಿ ತಳಿ ಇದೆಯಲ್ಲ, ಅದರ ಥರ ಗಾಢ ಅಲ್ಲ, ನಿಂಬೆಹಣ್ಣಿನ ಸಿಪ್ಪೆ ಇರುತ್ತಲ್ಲ ಆ ಹಳದಿ, ಎಸಳು ಹಿಂದೆ ತಿರುಗಿಸಿದ್ರೆ ಇನ್ನೂ ತಿಳಿ, ನಡುಮಧ್ಯ ಮಾತ್ರ ಬೆಣ್ಣೆ ಕಾಸೋವಾಗ ಬರೋ ಬಣ್ಣ.

ನಮ್ಮಪ್ಪ ಬಂದು ನೋಡಿ ಬೆರಕೆ ಕಣೋ, ಕಿತ್ತಾಕು, ಇಲ್ಲಾಂದ್ರೆ ಬುಟ್ಟಿಗೆ ಸೇರ್ಕೊಂಡು ಮಂಡಿಯಲ್ಲಿ ಮಾತು ಕೇಳ್ಬೇಕಾಗುತ್ತೆ ಅಂದ್ರು. ಅವರ ಮಾತಲ್ಲಿ ತಪ್ಪಿಲ್ಲ. ಆದ್ರೆ ಬೆರಕೆ ಅಂದ್ರೆ ಬೇರೆ ತಳಿ ಸಸಿ ಬಂದು ಸೇರೋದು, ಇದು ಅದೇ ಬುಡ ಅದೇ ಬೇರು, ಒಂದು ಕೊಂಬೆ ಮಾತ್ರ ದಾರಿ ತಪ್ಪಿದೆ. ನಾನು ಗಿಡಕ್ಕೊಂದು ಕೆಂಪು ದಾರ ಕಟ್ಟಿ ಬಂದೆ.

ಈಗ ನನ್ನ ದಡ್ಡತನ ಕೇಳು. ಸೀಸನ್ ಮುಗಿದ್ಮೇಲೆ ಆ ಗಿಡ ಸವರಿ, ಬುಡದಲ್ಲಿ ಬಂದ ಮರಿಗಳನ್ನ ಬಿಡಿಸಿ ಹದಿನೈದು ಪ್ಯಾಕೆಟ್‌ಗೆ ಹಾಕಿ, ಮಗು ಥರ ನೋಡ್ಕೊಂಡೆ. ಮೇವಿನ ಕೊಟ್ಟಿಗೆ ಹಿಂದೆ ಯಾರಿಗೂ ತೋರಿಸ್ದೆ ಇಟ್ಟಿದ್ದೆ, ಒಂಥರಾ ಚಿನ್ನ ಬಚ್ಚಿಟ್ಟಂಗೆ. ಹೂ ಬಿಡ್ತು. ಹದಿನೈದಕ್ಕೆ ಹದಿನೈದೂ ಬಿಳಿ! ಬದಲಾಗಿದ್ದು ಮೇಲಿನ ಒಂದು ಕೊಂಬೆ, ಬುಡಕ್ಕೆ ಆ ಸುದ್ದಿನೇ ಗೊತ್ತಿಲ್ಲ, ಬುಡದ ಮರಿ ಇನ್ನೇನು ಬಿಡುತ್ತೆ ಹೇಳು.

ಉಳಿಸಿದ್ದು ನಮ್ಮ ಮನೆಯೋಳು. ದಸರಾದಲ್ಲಿ ಆ ಕೊಂಬೆ ಮುರ್ಕೊಂಡು ಬಂದು ಹೂ ದೇವ್ರಿಗೆ ಏರಿಸಿ, ಎಲೆ ಇದ್ದ ಕಡ್ಡಿನ ಸುಮ್ನೆ ತೊಟ್ಟಿ ಪಕ್ಕ ಹಸಿ ಮಣ್ಣಿಗೆ ಚುಚ್ಚಿದ್ಲಂತೆ. ಅಲ್ಲಿ ಹಸು ಕಟ್ಟೋ ಜಾಗದ ಬಲ್ಬು ರಾತ್ರಿಯೆಲ್ಲಾ ಉರಿಯುತ್ತೆ. ಸೇವಂತಿಗೆಗೆ ರಾತ್ರಿ ಉದ್ದ ಸಿಕ್ಕಿದ್ರೆ ತಾನೇ ಮೊಗ್ಗು, ಅದಕ್ಕೇ ತಾನೇ ನಾವೆಲ್ಲ ಹೊಲದಲ್ಲಿ ಸಾಲಾಗಿ ಬಲ್ಬ್ ಕಟ್ಟಿ ಗಿಡ ಎತ್ತರ ಆಗೋವರೆಗೂ ಯಾಮಾರಿಸೋದು (ರಾತ್ರಿ ಹೈವೇಯಲ್ಲಿ ಹೋಗೋರು ಯಾವ್ದೋ ಜಾತ್ರೆ ಅಂತ ಕಾರ್ ನಿಲ್ಲಿಸ್ತಾರೆ ನೋಡು, ಅದು). ಹಂಗೆ ಆ ಕಡ್ಡಿನೂ ಮೊಗ್ಗು ಮಾಡೋದು ಬಿಟ್ಟು ಎಲೆ ಸಂದಿಂದ ಮೂರು ಚಿಗುರು ಹೊಡೆದಿತ್ತು. ಜನವರಿಯಲ್ಲಿ ಬಟ್ಟೆ ಒಗೆಯೋವಾಗ ತೋರಿಸಿದ್ಲು. ಆ ಮೂರರಿಂದ ಕುಡಿ ಕಟ್ ಮಾಡಿ ಮಾಡಿ, ಕೋಕೋಪೀಟ್ ಟ್ರೇಯಲ್ಲಿ ಬೇರು ಬರ್ಸಿ, ಜೂನ್‌ಗೆ 22 ಗಿಡ ನೆಟ್ಟೆ. 3 ಕೊಳೆತು ಹೋಯ್ತು, ನಮ್ಮೂರ ಕೆರೆಗೆ ಎಚ್.ಎನ್. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಡ್ತಾರಲ್ಲ, ಅದು) ಬಂದ್ಮೇಲೆ ಬೋರಲ್ಲಿ ನೀರು ಚೆನ್ನಾಗಿದೆ, ಆ ಖುಷಿಗೆ ಡ್ರಿಪ್ ಜಾಸ್ತಿ ಬಿಟ್ಟಿದ್ದು ನಾನೇ. ಉಳಿದ 19ರಲ್ಲಿ 17 ಹಳದಿ, 1 ವಾಪಸ್ ಬಿಳಿಗೆ ಹೋಯ್ತು, ಇನ್ನೊಂದಿದೆ ನೋಡು, ಅದನ್ನ ನೀನು ಬಂದೇ ನೋಡ್ಬೇಕು, ಒಂದೇ ಹೂವಲ್ಲಿ ಅರ್ಧ ಬಿಳಿ ಅರ್ಧ ಹಳದಿ, ಚಾಕುವಲ್ಲಿ ಗೀರಿದಂಗೆ ನೇರ ಗೆರೆ, ಗೆರೆ ಮೇಲಿರೋ ಒಂದು ಎಸಳು ಉದ್ದಕ್ಕೂ ಎರಡು ಬಣ್ಣ.

ಹಾರ್ಟಿಕಲ್ಚರ್ ಓದ್ತಿರೋ ನನ್ನ ಭಾಮೈದ ಬಂದಿದ್ದ, ಅವನು ಆ ಹೂ ಕೈಯಲ್ಲಿ ಹಿಡ್ಕೊಂಡು ಅರ್ಧ ಗಂಟೆ ಪಾಠ ಮಾಡ್ದ. ನಾನು ಬಿಳಿ ಸೇವಂತಿ ಅಂದ್ರೆ ಬಣ್ಣನೇ ಇಲ್ಲದ ಹೂ ಅನ್ಕೊಂಡಿದ್ದೆ. ಎಸಳಲ್ಲಿ ಹಳದಿ ತಯಾರಾಗ್ತಾನೇ ಇರುತ್ತಂತೆ, ಕ್ಯಾರೋಟಿನಾಯ್ಡ್ ಅಂತ, ಕ್ಯಾರೆಟ್ಟಲ್ಲಿ ಇರೋದೂ ಅದೇ ಜಾತಿ, ಬಿಳಿ ಹೂವಲ್ಲಿ ಒಂದು ಎಂಜೈಮ್ ಕೂತ್ಕೊಂಡು ಬಂದಂಗೆ ಬಂದಂಗೆ ಅದನ್ನ ಒಡೆದು ಹಾಕ್ತಿರುತ್ತೆ. 2006ರಲ್ಲಿ ಜಪಾನಿನವರು ಇದನ್ನ ಕಂಡುಹಿಡಿದಿದ್ದು. ಯಾವುದೋ ಒಂದು ಕುಡಿಯಲ್ಲಿ ಆ ಎಂಜೈಮ್ ಮಾಡೋ ಜೀನ್ ತಾನಾಗೇ ಕೈಕೊಟ್ರೆ ಒಡೆಯೋರು ಯಾರೂ ಇಲ್ಲ, ಹಳದಿ ಹಂಗೇ ಉಳ್ಕೊಳ್ಳುತ್ತೆ. ಅರ್ಧಂಬರ್ಧ ಹೂ ಯಾಕೆ ಅಂದ್ರೆ, ಕುಡಿ ತುದಿಯಲ್ಲಿ ಮೂರು ಪದರ ಇರುತ್ತಂತೆ, ಬದಲಾವಣೆ ಆಗೋದು ಮೊದಲು ಒಂದೇ ಒಂದು ಜೀವಕೋಶದಲ್ಲಿ, ಅದು ಹರಡಿದ ಕಡೆ ಹೊಸ ಬಣ್ಣ, ಹರಡದ ಕಡೆ ಹಳೇದು. ಅದಕ್ಕೇ ಒಂದು ಗಿಡ ವಾಪಸ್ ಬಿಳಿಗೆ ಹೋಗಿದ್ದು. ಲಕ್ನೋದ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಎಸಳಿನ ಚೂರಿಂದ್ಲೇ ಟಿಶ್ಯೂ ಕಲ್ಚರ್ ಮಾಡಿ, ಬಣ್ಣ ಬದಲಾದ ಭಾಗದಿಂದ ಮಾತ್ರ ಗಿಡ ಎಬ್ಬಿಸಿದಾರಂತೆ. ನಮಗೆ ಅದೆಲ್ಲಿ ಬರ್ಬೇಕು, ನಮ್ಮದು ಬ್ಲೇಡು ಕೋಕೋಪೀಟು ಅಷ್ಟೇ.

ಇಂಥದ್ದಕ್ಕೆ ಸ್ಪೋರ್ಟ್ ಅಂತಾರಂತೆ, ಆಟಕ್ಕೂ ಇದಕ್ಕೂ ಏನು ಸಂಬಂಧವೋ. ಕೇಳಿದ ತಕ್ಷಣ ನಂಗೆ ನಮ್ಮ ದಿಲ್‌ಖುಷ್ ದ್ರಾಕ್ಷಿ ನೆನಪಾಯ್ತು, ಅದೂ ಅನಾಬ್-ಎ-ಶಾಹಿ ಅನ್ನೋ ಹಳೇ ದ್ರಾಕ್ಷಿ ತಳಿ ಬಳ್ಳಿಯಿಂದಾನೇ ಆರಿಸಿ ತೆಗೆದಿದ್ದಲ್ವಾ, ಇವತ್ತು ನಂದಿ ಸುತ್ತಮುತ್ತ ಚಪ್ಪರದ ಕೆಳಗೆ ನಿಂತು ತಿನ್ನೋರಿಗೆ ಆ ತಾಯಿ ಹೆಸರೇ ಗೊತ್ತಿಲ್ಲ.

ನಂಗೆ ಇದ್ರಲ್ಲಿ ಆಸೆ ಹುಟ್ಟಿಸಿದ್ದು ಬಣ್ಣಕ್ಕಿಂತ ಹೆಚ್ಚಾಗಿ ಬಾಕಿದೆಲ್ಲಾ ತಾಯಿದೇ ಇರೋದು. ಅದೇ ಎತ್ತರ, ಅದೇ ಗೊಬ್ಬರ, ಬಿಳಿ ಬಿಡಿಸೋ ದಿನಾನೇ ಇದೂ ಬಿಡಿಸ್ಬಹುದು. ಒಂದೇ ಬಲ್ಬ್ ಲೈನ್ ಕೆಳಗೆ ಎರಡು ಬಣ್ಣ! ಐಶ್ವರ್ಯ ಅನ್ನೋ ಬೇರೆ ಹಳದಿ ತಳಿ ಹಾಕ್ಬೇಕು ಅಂದ್ರೆ ಅದರ ಲೆಕ್ಕನೇ ಬೇರೆ ಇಡ್ಬೇಕು.

ಇಷ್ಟೆಲ್ಲಾ ಕೊಚ್ಕೊಂಡೆ, ಈಗ ಅವಮಾನನೂ ಹೇಳ್ತೀನಿ. ಒಂದು ಬೊಗಸೆ ಹೂ ಕವರಲ್ಲಿ ಹಾಕ್ಕೊಂಡು ಮಂಡಿಯ ಒಬ್ಬ ಅಣ್ಣನಿಗೆ ತೋರಿಸ್ದೆ. ಆಯಪ್ಪ ಒಂದು ಹೂ ಎತ್ತಿ, ಮೂಸಿ, ಅಂಗೈಯಲ್ಲಿ ಹೊರಳಿಸಿ, 'ಏನಪ್ಪ, ಮೂರು ದಿನದ ವೈಟು ತಂದಿದೀಯ, ಹಳದಿಗೆ ತಿರುಗಿಬಿಟ್ಟಿದೆ' ಅಂದ! ಇವತ್ತು ಬೆಳಿಗ್ಗೆ ಕಿತ್ತಿದ್ದಣ್ಣಾ ಅಂದ್ರೆ ನಗ್ತಾನೆ. ಬರೋವಾಗ ಬಸ್ಸಲ್ಲಿ ಯೋಚನೆ ಮಾಡ್ದೆ, ಅವನದ್ದೂ ಸರಿನೇ, ಬಾಡಿದ ಬಿಳಿ ಹೂ ಹಿಂಗೇ ಕಾಣುತ್ತೆ, ಕೊಳ್ಳೋರೂ ಹಂಗೇ ಅನ್ಕೊಂಡ್ರೆ ಇದು ಮುಗೀತು. ಹಾಗಾಗಿ 17ರಲ್ಲಿ ಯಾವುದು ಸ್ವಲ್ಪ ಗಟ್ಟಿ ಹಳದಿ ಅಂತ ನೋಡಿ ಐದು ಗಿಡ ಮಾತ್ರ ಇಟ್ಕೊಂಡಿದೀನಿ, ಉಳಿದಿದ್ದು ಮನೆ ಪೂಜೆಗೆ.

ನಿನ್ನ ಕೆಲಸ ಏನಪ್ಪಾ ಅಂದ್ರೆ, ಆ ಐದರ 30 ಸಸಿ ಈ ಮಂಗಳವಾರ ತುಮಕೂರು ಬಸ್ಸಿಗೆ ಹಾಕ್ತೀನಿ, ನಿನ್ನ ಅಡಿಕೆ ತೋಟದ ಆಚೆ ಬಯಲಿದೆಯಲ್ಲ ಅಲ್ಲಿ ನೆಡು. ಇಲ್ಲಿ ಒಂದು ಮಳೆಗೆ ತುಕ್ಕು ರೋಗ ಬಂದ್ರೂ ಅಲ್ಲೊಂದಿಷ್ಟು ಇರ್ಲಿ ಅಂತ. ಬಲ್ಬ್ ಒಂದು ನೇತಾಕು, ನಾನು ಹೇಳೋವರೆಗೂ ಆರಿಸ್ಬೇಡ, ಇಲ್ಲಾಂದ್ರೆ ಗೇಣುದ್ದಕ್ಕೇ ಮೊಗ್ಗು ಕಟ್ಟಿ ಕೂತ್ಕೊಳ್ಳುತ್ತೆ. ಯಾರು ನೋಡಿದ್ರೂ ತೋರಿಸು, ಆದ್ರೆ ಕಡ್ಡಿ ಕೊಡ್ಬೇಡ, ಮಾರ್ಬೇಡ. 2001ರ ಕಾಯ್ದೆ ಒಂದಿದೆ, ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳದ್ದು, ರೈತರು ಅರ್ಜಿ ಹಾಕಿದ್ರೆ ಫೀಸಿಲ್ಲ, ಸಿಕ್ಕಿದ್ರೆ ಹೂವಿನ ಗಿಡಕ್ಕೆ 15 ವರ್ಷದ ಹಕ್ಕು. ಹೊಸ ತಳಿ ಅಂತ ಹಾಕೋದಾದ್ರೆ ಮಾರಾಟ ಶುರುವಾಗಿ ವರ್ಷ ದಾಟಿರಬಾರದು, ಬೇರೆ ತಳಿಗಿಂತ ಸ್ಪಷ್ಟವಾಗಿ ಬೇರೆ ಕಾಣ್ಬೇಕು, ಎಲ್ಲಾ ಗಿಡ ಒಂದೇ ಥರ ಇರ್ಬೇಕು, ಮುಂದಿನ ಸಲಾನೂ ಹಂಗೇ ಬರ್ಬೇಕು. ತಾಯಿ ತಳಿ ಯಾರ ಹೆಸರಲ್ಲಾದ್ರೂ ಇದ್ರೆ ಅವರ ಒಪ್ಪಿಗೆನೂ ಬೇಕು. 19ಕ್ಕೆ 2 ಉಲ್ಟಾ ಹೊಡೆದಿರೋ ಇದನ್ನ ಹಿಡ್ಕೊಂಡು ಈಗ್ಲೇ ಹೊಸ ತಳಿ ಅಂತ ಹೋದ್ರೆ ನಗ್ತಾರೆ. ಇನ್ನೆರಡು ಸೀಸನ್ ಕುಡಿಯಿಂದ ಕುಡಿ ಎತ್ಕೊಂಡು ನೋಡೋಣ. ಹೆಸರು ಇಡೋಣ ಅಂತ ನನ್ನ ಮಗಳು ಗಂಟು ಬಿದ್ದಿದಾಳೆ, ಅಲ್ಲಿವರೆಗೂ ಮನೆಯಲ್ಲಿ ಎಲ್ರೂ ಅದನ್ನ ತೊಟ್ಟಿ ಹೂವು ಅಂತಾನೇ ಕರೀತಿದೀವಿ.

ಪೆಟ್ಟಿಗೆಯಲ್ಲಿ ಒಂದು ಮೂಲೆಗೆ ಕೆಂಪು ದಾರ ಕಟ್ಟಿದ ಎರಡು ಸಸಿ ಬೇರೆ ಇದೆ. ಆ ಅರ್ಧಂಬರ್ಧ ಗಿಡದ್ದು. ಅದನ್ನ ಬಚ್ಚಲ ನೀರು ಹೋಗೋ ಕಡೆ ನೆಡ್ಬೇಡ, ಕಿಟಕಿಗೆ ಕಾಣೋ ಹಾಗೆ ನೆಡು. ಹೂ ಬಿಟ್ಟಾಗ ಫೋಟೋ ಕಳಿಸ್ಬೇಡ, ನಿನ್ನ ಫೋನಲ್ಲಿ ಹಳದಿ ಬಿಳಿ ಎಲ್ಲಾ ಒಂದೇ ಥರ ಬರುತ್ತೆ. ಫೋನ್ ಮಾಡು, ನಾನೇ ಬರ್ತೀನಿ.

ನಿನ್ನವ